ಹೆಸರಿಟ್ಟವರು ಹೆಂಗಸರು

ಸೋದರಿಯರೇ, ಈ ಸಲ ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಬೀರುವಿನಲ್ಲಿರುವ ಸೀರೆಗಳನ್ನು ನೀವು ಹೇಗೆ ಗುರುತು ಹೇಳುತ್ತೀರಿ? 'ತಮ್ಮನ ಮದುವೇದು', 'ಹೋದ ದೀಪಾವಳಿಗೆ ತಂದದ್ದು', 'ಅತ್ತೆ ಕೊಟ್ಟದ್ದು', ಹೆಚ್ಚೆಂದರೆ 'ಆ ಮಾವಿನಕಾಯಿ ಅಂಚಿನದು'. ಹೀಗೆ ತಾನೇ? ಈ ಗುರುತೆಲ್ಲ ಮನೆಮಂದಿಗೆ ಬಿಟ್ಟರೆ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಆದರೆ ನೀವು ಒಂದು ಸೀರೆ ಉಟ್ಟು ಬೀದಿಗಿಳಿದ ಕೂಡಲೇ ಎದುರುಮನೆಯಾಕೆ, ತರಕಾರಿಯವಳು, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುಖಪರಿಚಯವಿಲ್ಲದ ಹೆಂಗಸು ಎಲ್ಲರೂ 'ಓಹೋ, ಈಯಮ್ಮ ಗಂಡನ ಮೇಲೆ ಮುನಿಸಿಕೊಂಡಿದ್ದಾಳೆ' ಅಂತ ಓದಿಕೊಂಡುಬಿಟ್ಟರೆ ಹೇಗಿರುತ್ತೆ?

ನಗಬೇಡಿ. ಪಶ್ಚಿಮ ಆಫ್ರಿಕದ ಘಾನಾ, ಟೋಗೋ, ಬೆನಿನ್, ಐವರಿ ಕೋಸ್ಟ್ ದೇಶಗಳಲ್ಲಿ ಬಟ್ಟೆ ಹೀಗೆ ಮಾತಾಡುತ್ತದೆ. ಅಲ್ಲಿನ ಹೆಂಗಸರು ಉಡುವ, ದೂರದಿಂದಲೇ ಕಣ್ಣು ಸೆಳೆಯುವ ದಟ್ಟ ಬಣ್ಣದ ಹತ್ತಿಬಟ್ಟೆಗೆ 'ವ್ಯಾಕ್ಸ್' ಎಂದೇ ಹೆಸರು. ವ್ಯಾಕ್ಸ್ ಅಂದರೆ ಮೇಣ. ಅದನ್ನು ಅಳೆಯುವ ಲೆಕ್ಕವೂ ನಮಗೆ ಪರಿಚಯದ್ದೇ. ಇಡೀ ತುಂಡು ಅಂದರೆ 12 ಗಜ, ಅರ್ಧ ತುಂಡು ಅಂದರೆ 6 ಗಜ, ನಮ್ಮ ಸೀರೆಯಷ್ಟು! ಫ್ರೆಂಚ್ ಮಾತಿನ ದೇಶಗಳಲ್ಲಿ ಸುಮಾರು ಎರಡು ಗಜದ ತುಂಡಿಗೆ 'ಪಾನ್ಯ' ಎನ್ನುತ್ತಾರೆ. ಮೂರು ಪಾನ್ಯ ಸೇರಿದರೆ ಒಬ್ಬಾಕೆಗೆ ಒಂದು ಉಡುಪು. ಒಂದರಲ್ಲಿ ರವಿಕೆ, ಒಂದು ಸೊಂಟಕ್ಕೆ ಸುತ್ತಲು, ಇನ್ನೊಂದು ಮೇಲೆ ಹೊದೆಯಲೋ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಲೋ.

ಇನ್ನು ಹೆಸರುಗಳು. ಘಾನಾದಲ್ಲಿ 'ಅಹ್ವೆನೆ ಪಾ ನ್ಕಾಸಾ' ಎಂಬ ಬಟ್ಟೆಯಿದೆ. ಒಳ್ಳೆಯ ಮಣಿ ಸದ್ದು ಮಾಡುವುದಿಲ್ಲ ಎಂದು ಅರ್ಥ. ನಮ್ಮ 'ತುಂಬಿದ ಕೊಡ ತುಳುಕುವುದಿಲ್ಲ' ನೆನಪಾಯಿತಲ್ಲವೇ? ಹಾರುವ ಬಾನಾಡಿಗಳ ಚಿತ್ರವಿರುವ ಬಟ್ಟೆಯ ಹೆಸರು 'ಸಿಕಾ ವೊ ನ್ತಬಾನ್', ದುಡ್ಡಿಗೆ ರೆಕ್ಕೆ ಇದೆ ಅಂತ. ತಿಂಗಳ ಕೊನೆಯ ವಾರದಲ್ಲಿ ನಾವೆಲ್ಲ ಉಟ್ಟುಕೊಳ್ಳಬಹುದಾದ ಬಟ್ಟೆ! ಸಣ್ಣ ಸಣ್ಣ ಕಲ್ಲುಗಳಂಥ ಚುಕ್ಕೆಯದು 'ಎಫಿಯೆ ಮ್ಮೊಸೆಯಾ', ಅಂದರೆ ಮನೆಯಂಗಳದ ಜಲ್ಲಿ. ಬೀದಿಯ ಕಲ್ಲು ಚುಚ್ಚಿದರೆ ಸಹಿಸಬಹುದು, ಮನೆಯ ಕಲ್ಲು ಚುಚ್ಚಿದರೆ ನೋವು ಹೆಚ್ಚು ಎಂಬ ಗಾದೆ ಅದರ ಹಿಂದಿದೆ. ಓರಗಿತ್ತಿಯೋ ನಾದಿನಿಯೋ ಏನೋ ಅಂದ ಮಾರನೆಯ ದಿನ ಆ ಬಟ್ಟೆ ಉಟ್ಟು ಅಂಗಳ ಗುಡಿಸಿದರೆ ಸಾಕು, ಬಾಯಿ ಬಿಡುವುದೇ ಬೇಡ.

ಐವರಿ ಕೋಸ್ಟ್, ಟೋಗೋ ಕಡೆಯ ಹೆಸರುಗಳಿಗೆ ಖಾರ ಇನ್ನೂ ಜಾಸ್ತಿ. ದೊಡ್ಡ ಕಣ್ಣುಗಳ ಚಿತ್ರವಿರುವುದು 'ಸವತಿಯ ಕಣ್ಣು'. ಗಂಡ ಇನ್ನೊಬ್ಬಳನ್ನು ಕಟ್ಟಿಕೊಳ್ಳುವ ರೂಢಿ ಇರುವ ಕಡೆ ಇದನ್ನು ಯಾರು ಯಾರಿಗೆ ಕಾಣಲೆಂದು ಉಡುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಪಂಜರದ ಬಾಗಿಲು ತೆರೆದು ಹಕ್ಕಿ ಹಾರಿಹೋಗುತ್ತಿರುವ ಚಿತ್ರದ್ದಕ್ಕೆ 'ನೀನು ಹೊರಟರೆ ನಾನೂ ಹೊರಟೆ' ಎಂದು ಹೆಸರು. ರಾತ್ರಿ ತಡವಾಗಿ ಬರುವ ಗಂಡನಿಗೆ ಬೆಳಿಗ್ಗೆ ತಿಂಡಿ ಬಡಿಸುವಾಗ ಹೆಂಡತಿ ಅದನ್ನು ಸುತ್ತಿಕೊಂಡಿದ್ದರೆ ಮಾತು ಮುಟ್ಟಿತು! 'ಚಿನ್ನಾ, ನನಗೆ ಬೆನ್ನು ತಿರುಗಿಸಬೇಡ' ಅನ್ನುವುದೂ ಇದೆ. 'ನನ್ನ ಗಂಡ ಸಮರ್ಥ' ಅನ್ನುವುದೂ ಇದೆ, ಅದನ್ನು ಉಟ್ಟವಳ ನಡಿಗೆಯೇ ಬೇರೆ. ಅಕ್ಷರಗಳು ಬರೆದಿರುವ 'ಎ ಬಿ ಸಿ' ಎಂಬ ಬಟ್ಟೆಯನ್ನು ಓದಿನ ಬೆಲೆ ತಿಳಿದವಳು ನಾನು ಎಂದು ತೋರಿಸಲು ಉಡುತ್ತಾರೆ. ತಾನು ಶಾಲೆಯ ಮೆಟ್ಟಿಲು ಹತ್ತದೆ ಮಕ್ಕಳನ್ನು ಓದಿಸುತ್ತಿರುವ ತಾಯಿ ಅದನ್ನು ಕೊಳ್ಳುವಾಗ ಅವಳಿಗೆ ಹೇಗೆನಿಸುತ್ತಿತ್ತೋ ನೀವೇ ಊಹಿಸಿಕೊಳ್ಳಿ.

ಆಫ್ರಿಕದ ಪೂರ್ವ ಕರಾವಳಿಯಲ್ಲಿ 'ಕಾಂಗಾ' ಎಂಬ ಬೇರೊಂದು ಬಟ್ಟೆ ಇದೆ. ಅದರಲ್ಲಿ ಸ್ವಾಹಿಲಿ ಭಾಷೆಯ ಗಾದೆಮಾತನ್ನು ಅಚ್ಚುಹಾಕಿಯೇ ಬಿಟ್ಟಿರುತ್ತಾರೆ. ವ್ಯಾಕ್ಸ್ ಬಟ್ಟೆಯ ಹೆಸರು ಹಾಗೆ ಬಟ್ಟೆಯ ಮೇಲೆ ಬರೆದಿರುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು, ಅಷ್ಟೆ. ನನಗಂತೂ ಇದೇ ಹೆಚ್ಚು ಜಾಣತನವಾಗಿ ಕಾಣುತ್ತದೆ. 'ನಾನೇನಂದೆ? ಬಟ್ಟೆ ಉಟ್ಟೆನಪ್ಪಾ' ಅಂತ ಜಾರಿಕೊಳ್ಳಬಹುದಲ್ಲ.

ಇಷ್ಟೆಲ್ಲ ಕೇಳಿ, ಇದು ಆ ನೆಲದಲ್ಲಿ ಸಾವಿರಾರು ವರ್ಷದಿಂದ ನೇಯುತ್ತ ಬಂದ ಬಟ್ಟೆ ಅಂದುಕೊಂಡಿರಾ? ಅಲ್ಲ. ಘಾನಾದ ಅಶಾಂತಿ ಜನರ ಕೈಮಗ್ಗದ 'ಕೆಂಟೆ' ಬೇರೆ, ಅದು ಆ ನೆಲದ್ದೇ. ವ್ಯಾಕ್ಸ್ ಬಟ್ಟೆಯ ಜಾತಕ ವಿಚಿತ್ರವಾದದ್ದು. ಹುಟ್ಟಿನ ಯೋಚನೆ ಜಾವಾ ದ್ವೀಪದ್ದು, ತಯಾರಿ ಹಾಲೆಂಡಿನದು, ಬಾಳಿದ್ದು ಆಫ್ರಿಕದಲ್ಲಿ.

ಬಾಟಿಕ್ ಸೀರೆ ನಿಮಗೆ ಗೊತ್ತು. ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ರ ಬರೆದು ಬಣ್ಣದಲ್ಲಿ ಅದ್ದುತ್ತಾರೆ. ಮೇಣವಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಜಾವಾದ ಹೆಂಗಸರು ಇದರಲ್ಲಿ ಪಳಗಿದವರು. ಒಂದು ಒಳ್ಳೆಯ ಬಟ್ಟೆಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಜಾವಾವನ್ನು ಆಳುತ್ತಿದ್ದ ಡಚ್ಚರು ಇದನ್ನು ಯಂತ್ರದಲ್ಲಿ ಮಾಡಿ ಜಾವಾದವರಿಗೇ ಅಗ್ಗವಾಗಿ ಮಾರಿದರೆ ಹೇಗೆ ಎಂದು ಲೆಕ್ಕ ಹಾಕಿದರು. ಇಂಗ್ಲೆಂಡಿನ ಗಿರಣಿಗಳು ನಮ್ಮ ನೇಕಾರರಿಗೆ ಮಾಡಿದ್ದೂ ಇದೇ ಲೆಕ್ಕವಲ್ಲವೇ! 1850ರ ದಶಕದಲ್ಲಿ ಹಾರ್ಲೆಮ್ ಪಟ್ಟಣದ ಪ್ರೆವಿನೇರ್ ಎಂಬ ಗಿರಣಿಯೊಡೆಯ ಬಟ್ಟೆಯ ಎರಡೂ ಮಗ್ಗುಲಿಗೆ ಮೇಣದ ಬದಲು ಕರಗಿಸಿದ ರಾಳವನ್ನು ಅಚ್ಚೊತ್ತುವ ಯಂತ್ರ ತಯಾರಿಸಿದ. ಆಮೇಲೆ ಬಟ್ಟೆಯನ್ನು ನೀಲಿಯಲ್ಲಿ ಅದ್ದಿ ರಾಳ ತೆಗೆದು, ಉಳಿದ ಬಣ್ಣಗಳನ್ನು ಅಚ್ಚಿನಿಂದ ಒತ್ತುವುದು. ಆದರೆ ಒಣಗಿದ ರಾಳ ಅಲ್ಲಲ್ಲಿ ಬಿರುಕು ಬಿಡುತ್ತಿತ್ತು. ಆ ಬಿರುಕಿಗೆ ಬಣ್ಣ ಇಳಿದು ಬಟ್ಟೆಯ ತುಂಬ ಕೂದಲೆಳೆಯಂಥ ಗೆರೆಗಳು ಮೂಡುತ್ತಿದ್ದವು. ನಯವಾದ ಕೈಕೆಲಸ ಕಂಡವರ ಕಣ್ಣಿಗೆ ಇದು ಕೆಟ್ಟುಹೋದ ಬಟ್ಟೆ. ಜಾವಾದಲ್ಲಿ ಡಚ್ಚರ ವ್ಯಾಪಾರ ಕುದುರಲಿಲ್ಲ.

ಅದೇ ಸರಕು ಆಫ್ರಿಕಕ್ಕೆ ಹೋದದ್ದು ಹೇಗೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕತೆಗಳಿವೆ. ಈಗಿನ ಘಾನಾದ ಕರಾವಳಿಗೆ ಆಗ ಗೋಲ್ಡ್ ಕೋಸ್ಟ್ ಎನ್ನುತ್ತಿದ್ದರು. ಅಲ್ಲಿನ ಎಲ್ಮಿನಾ ಕೋಟೆಯಿಂದ ಡಚ್ಚರು 1831ರಿಂದ 1872ರವರೆಗೆ ಸುಮಾರು 3,000 ಆಫ್ರಿಕದ ಗಂಡಸರನ್ನು ಸಿಪಾಯಿಗಳನ್ನಾಗಿ ಜಾವಾ ಕಡೆಗೆ ಸಾಗಿಸಿದ್ದರು. ಊರಿಗೆ ಹಿಂದಿರುಗಿದವರು ಮನೆ ಕಟ್ಟಿಕೊಂಡ ಗುಡ್ಡಕ್ಕೆ ಎಲ್ಮಿನಾದಲ್ಲಿ ಇವತ್ತಿಗೂ 'ಜಾವಾ ಗುಡ್ಡ' ಎಂದೇ ಹೆಸರು. ಅವರು ಹೆಂಡತಿ, ಅಮ್ಮಂದಿರಿಗೆ ತಂದ ಬಾಟಿಕ್ಕಿನಿಂದ ರುಚಿ ಹತ್ತಿತು ಎಂದು ಕೆಲವರ ವಾದ, ಅಷ್ಟು ಮಂದಿಯಿಂದ ಇಷ್ಟು ದೊಡ್ಡ ಸಂತೆ ಹುಟ್ಟೀತೇ ಎಂದು ಇನ್ನು ಕೆಲವರದು. ಖಂಡಿತವಾಗಿ ಹೇಳಬಹುದಾದದ್ದು, 1890ರ ದಶಕದಲ್ಲಿ ಎಬೆನೆಜರ್ ಬ್ರೌನ್ ಫ್ಲೆಮಿಂಗ್ ಎಂಬ ಸ್ಕಾಟ್ಲೆಂಡಿನ ವ್ಯಾಪಾರಿ ಹಾರ್ಲೆಮ್ ಬಟ್ಟೆಯನ್ನು ಗೋಲ್ಡ್ ಕೋಸ್ಟಿನಲ್ಲಿ ಇಳಿಸಿದ, ಅದು ಬಿಸಿ ದೋಸೆಯಂತೆ ಖರ್ಚಾಯಿತು. ಜಾವಾದವರು ಮೂಗು ಮುರಿದ ಆ ಬಿರುಕುಗೆರೆಯನ್ನೇ ಅಲ್ಲಿಯವರು ಮೆಚ್ಚಿದರು. ಎರಡು ತುಂಡು ಒಂದೇ ತರಹ ಇರುವುದಿಲ್ಲವಲ್ಲ, ಅದೇ ಅದರ ಚೆಂದ ಅಂದರು.

ಇಲ್ಲಿ ನಮಗೊಂದು ನೆಂಟಸ್ತಿಕೆಯೂ ಇದೆ. 1834ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ' ಅಚ್ಚುಹಾಕಿ, ಮುಂದೆ ಮಗ್ಗದ ಶಾಲೆ, ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ ನಿಮಗೆ ಗೊತ್ತಲ್ಲ? ಆ ಮಿಷನ್ 1828ರಲ್ಲೇ ಗೋಲ್ಡ್ ಕೋಸ್ಟಿಗೂ ಹೋಗಿತ್ತು. ಅದರ ವ್ಯಾಪಾರ ಸಂಸ್ಥೆ ಅಲ್ಲಿ ಮಳಿಗೆಗಳನ್ನಿಟ್ಟು ಬಟ್ಟೆ ಮಾರುತ್ತಿತ್ತು, ಈ ಮೇಣದಚ್ಚಿನ ಬಟ್ಟೆಯನ್ನೂ ಮಾರಿತು. ನಮ್ಮ ಕರಾವಳಿಯಲ್ಲಿ ಹಂಚು, ಆ ಕರಾವಳಿಯಲ್ಲಿ ಪಾನ್ಯ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಿರಣಿಯವರು ಒಂದು ಹೊಸ ನಮೂನೆಗೆ ಕೊಡುತ್ತಿದ್ದುದು ಬರೀ ನಂಬರು. ಬಟ್ಟೆಯ ಮೂಟೆ ಹಡಗಿನಿಂದಿಳಿದು ಸಂತೆಗೆ ಬಂದಾಗ ಅದನ್ನು ಬಿಚ್ಚಿ ಹರವಿ ನೋಡಿ, ತಲೆದೂಗಿಯೋ ಮುಖ ಸಿಂಡರಿಸಿಯೋ ಒಂದು ಹೆಸರು ಹಚ್ಚುತ್ತಿದ್ದವರು ಮಾರುವ ಹೆಂಗಸರು. ಗಾದೆಯಿಂದ ತೆಗೆದದ್ದು, ಹಾಡಿನಿಂದ ತೆಗೆದದ್ದು, ಊರಲ್ಲಿ ನಡೆದ ಗಲಾಟೆಯಿಂದ ತೆಗೆದದ್ದು. ಹೆಸರು ಜನರ ಬಾಯಿಗೆ ಹತ್ತಿತೋ, ಆ ಬಟ್ಟೆ ನಲವತ್ತು ಐವತ್ತು ವರ್ಷ ಓಡಿತು. ಹತ್ತದಿದ್ದರೆ ಮೂಲೆಗೆ ಬಿತ್ತು. ಹಾಲೆಂಡಿನ ಹೆಲ್ಮಂಡ್ ಪಟ್ಟಣದಲ್ಲಿ 1846ರಲ್ಲಿ ಶುರುವಾಗಿ ಮುಂದೆ 'ವ್ಲಿಸ್ಕೊ' ಎಂದು ಹೆಸರಾದ ಗಿರಣಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಯಾವ ಊರಿಗೆ ಯಾವ ಬಣ್ಣ ಹಿಡಿಸುತ್ತದೆ, ಹೋದ ವರ್ಷದ ಹೂವಿನ ಬಟ್ಟೆ ಯಾಕೆ ಖರ್ಚಾಗಲಿಲ್ಲ ಎಂಬುದನ್ನೆಲ್ಲ ಈ ಹೆಂಗಸರಿಂದಲೇ ಕೇಳಿ ತಿಳಿಯುತ್ತಿದ್ದರು. ಚಿತ್ರ ಬರೆದವನಿಗೆ ಸಂಬಳವಿತ್ತು. ಹೆಸರಿಟ್ಟವಳಿಗೆ?

ಆಕೆ ಸುಮ್ಮನೆ ಕೂರಲಿಲ್ಲ, ಅದೇ ಸಂತೋಷದ ಕತೆ. ಘಾನಾ 1957ರಲ್ಲಿ ಸ್ವತಂತ್ರವಾದ ಮೇಲೆ ಅಲ್ಲಿನ ಸರ್ಕಾರ ಹೊರಗಿನ ಬಟ್ಟೆಗೆ ಸುಂಕ, ನಿರ್ಬಂಧ ಬಿಗಿ ಮಾಡಿತು. ಪಕ್ಕದ ಟೋಗೋದಲ್ಲಿ ಸುಂಕ ಕಡಿಮೆ. ಹೀಗಾಗಿ ವ್ಯಾಪಾರವೆಲ್ಲ ಟೋಗೋದ ರಾಜಧಾನಿ ಲೋಮೆಯ ದೊಡ್ಡ ಸಂತೆಗೆ ಸರಿಯಿತು. ಅಲ್ಲಿನ ಕೆಲವು ಹೆಂಗಸರು ಯುರೋಪಿನ ಕಂಪನಿಗಳ ಜತೆ ಪಟ್ಟುಹಿಡಿದು, ಇಂಥ ನಮೂನೆ ನನ್ನೊಬ್ಬಳಿಗೇ, ನನ್ನ ಅಂಗಡಿಗೆ ಬಿಟ್ಟು ಬೇರೆಯವರಿಗೆ ಕೊಡುವ ಹಾಗಿಲ್ಲ ಎಂದು ಕರಾರು ಮಾಡಿಕೊಂಡರು. ಅವರಲ್ಲಿ ಎಷ್ಟೋ ಮಂದಿಗೆ ಓದುಬರಹ ಬರುತ್ತಿರಲಿಲ್ಲ. ಲೆಕ್ಕವೆಲ್ಲ ತಲೆಯಲ್ಲೇ. ಲೋಮೆಯಿಂದ ಸುತ್ತಲ ದೇಶಗಳಿಗೆಲ್ಲ ಬಟ್ಟೆ ಹೋಗತೊಡಗಿತು. ದುಡ್ಡು ಬಂತು, ಮರ್ಸಿಡಿಸ್ ಬೆಂಜ್ ಕಾರು ಬಂತು. ಜನ ಇವರನ್ನು 'ನಾನಾ ಬೆಂಜ್' ಎಂದು ಕರೆದರು. ನಾನಾ ಅಂದರೆ ಅಲ್ಲಿಯ ಮಾತಿನಲ್ಲಿ ತಾಯಿ, ದೊಡ್ಡಮ್ಮ ಎಂಬ ಗೌರವದ ಪದ. ನಮ್ಮ ಕಡೆಯಾದರೆ 'ಬೆಂಜ್ ಕಾರಿನ ದೊಡ್ಡಮ್ಮ' ಅನ್ನುತ್ತಿದ್ದೆವು. ವಿದೇಶದಿಂದ ದೊಡ್ಡ ಮನುಷ್ಯರು ಬಂದಾಗ ಮೆರವಣಿಗೆಗೆ ಕಾರು ಸಾಲದೆ ಟೋಗೋ ಸರ್ಕಾರವೇ ಈ ಹೆಂಗಸರಿಂದ ಎರವಲು ಪಡೆಯುತ್ತಿತ್ತಂತೆ! 'ಆರು ಸ್ಪಾರ್ಕ್ ಪ್ಲಗ್' ಎಂಬ ಬಟ್ಟೆ ಆ ಕಾಲದ ನೆನಪು. ಕಾರಿನ ಎಂಜಿನ್ನಿನ ಆರು ಪ್ಲಗ್ಗುಗಳ ಚಿತ್ರ, ಆರು ಸಿಲಿಂಡರಿನ ಕಾರು ಇಟ್ಟವಳು ನಾನು ಎಂಬ ಗತ್ತು.

ದುಡ್ಡಿದ್ದವರ ಮಾತು ಬಿಡಿ, ಸಾಮಾನ್ಯ ಹೆಂಗಸಿಗೂ ಈ ಬಟ್ಟೆ ಬರೀ ಬಟ್ಟೆಯಲ್ಲ. ನಮ್ಮಲ್ಲಿ ಎರಡು ಬಳೆ, ಒಂದೆಳೆ ಸರ ಇದ್ದ ಹಾಗೆ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿಗೆ ಕೊಡುವ ವಸ್ತುಗಳಲ್ಲಿ ವ್ಯಾಕ್ಸ್ ಬಟ್ಟೆ ಇರಬೇಕು. ಅದು ಆಕೆಯದು. ಹೊಲಿಸದೆ, ಮಡಿಕೆ ಮುರಿಯದೆ ಪೆಟ್ಟಿಗೆಯಲ್ಲಿಟ್ಟರೆ ಬೆಲೆ ಇಳಿಯುವುದಿಲ್ಲ. ಮಗುವಿಗೆ ಕಾಯಿಲೆ ಬಂತು, ಶಾಲೆಯ ಫೀಸು ಕಟ್ಟಬೇಕು ಅಂದಾಗ ಒಂದು ತುಂಡು ಸಂತೆಗೆ ಹೋಗುತ್ತದೆ. ತಾಯಿ ಸತ್ತರೆ ಪೆಟ್ಟಿಗೆ ಬಿಚ್ಚಿ ಹೆಣ್ಣುಮಕ್ಕಳು ಹಂಚಿಕೊಳ್ಳುತ್ತಾರೆ. ಉಟ್ಟು ಉಟ್ಟು ಮೆತ್ತಗಾದ ಹಳೆಯದು ಕೂಸನ್ನು ಬೆನ್ನಿಗೆ ಕಟ್ಟಲು. ಸಾವಿಗೂ ಬಟ್ಟೆ ಬೇರೆ ಇದೆ. ಘಾನಾದಲ್ಲಿ ಕಪ್ಪು, ಕೆಂಪು ಬಣ್ಣಗಳು ದುಃಖಕ್ಕೆ, ಮಗುವಿಗೆ ಎಂಟನೆಯ ದಿನ ಹೆಸರಿಡುವಾಗ ಬಿಳಿ. 'ಓವು ಸೇ ಫಿಯೆ', ಸಾವು ಮನೆ ಮುರಿಯಿತು, ಎಂಬ ಹೆಸರಿನ ಬಟ್ಟೆಯೂ ಉಂಟು.

1994ರ ಜನವರಿಯಲ್ಲಿ ಈ ಸಂತೆಗೆ ಸಿಡಿಲು ಬಡಿಯಿತು. ಟೋಗೋ ಸೇರಿದಂತೆ ಫ್ರೆಂಚ್ ವಸಾಹತುಗಳಾಗಿದ್ದ ಅನೇಕ ದೇಶಗಳಲ್ಲಿ ನಡೆಯುವ ಸಿಎಫ್‌ಎ ಫ್ರಾಂಕ್ ಎಂಬ ನಾಣ್ಯದ ಬೆಲೆಯನ್ನು ಒಂದೇ ಏಟಿಗೆ ಅರ್ಧಕ್ಕಿಳಿಸಿದರು. ನಿನ್ನೆ 50ಕ್ಕೆ ಸಿಗುತ್ತಿದ್ದ ಒಂದು ಫ್ರೆಂಚ್ ಫ್ರಾಂಕಿಗೆ ಇವತ್ತು 100 ಕೊಡಬೇಕು. ಹಾಲೆಂಡಿನಿಂದ ಬರುವ ಬಟ್ಟೆ ರಾತ್ರೋರಾತ್ರಿ ಎರಡು ಪಟ್ಟು ದುಬಾರಿ. ಕೊಳ್ಳುವವರ ಕೈಯಲ್ಲಿ ಕಾಸಿಲ್ಲ. ಬೆಂಜ್ ಕಾರಿನ ದೊಡ್ಡಮ್ಮಂದಿರು ಒಬ್ಬೊಬ್ಬರಾಗಿ ಹಿಂದೆ ಸರಿದರು. 2000ದ ನಂತರ ಚೀನಾದಿಂದ ಅದೇ ನಮೂನೆಯ, ನೋಡಲು ಅದೇ ತರಹದ, ಬೆಲೆಯಲ್ಲಿ ಎಷ್ಟೋ ಅಗ್ಗದ ಬಟ್ಟೆ ಹರಿದುಬಂತು. ಅದನ್ನು ತರಲು ತಾವೇ ಚೀನಾಕ್ಕೆ ಹೋಗಿಬರುವ ಎಳೆಯ ವ್ಯಾಪಾರಿ ಹೆಂಗಸರಿಗೆ ಜನ 'ನಾನೆಟ್' ಎಂದು ಹೆಸರಿಟ್ಟರು, ಸಣ್ಣ ನಾನಾ ಅಂತ. ಹಾಲೆಂಡಿನ ಕಂಪನಿಯೋ, ಆಫ್ರಿಕದ ಪಟ್ಟಣಗಳಲ್ಲಿ ತನ್ನದೇ ಅಂಗಡಿ ತೆರೆಯಿತು. ಸಾಲದ್ದಕ್ಕೆ 2013ರ ಜನವರಿಯಲ್ಲಿ ಲೋಮೆಯ ಸಂತೆ ಕಟ್ಟಡಕ್ಕೆ ಬೆಂಕಿ ಬಿದ್ದು ಎಷ್ಟೋ ಹೆಂಗಸರ ಸರಕೆಲ್ಲ ಒಂದು ರಾತ್ರಿಯಲ್ಲಿ ಬೂದಿಯಾಯಿತು.

ಈ ಎಲ್ಲದರ ನಡುವೆ ನನ್ನನ್ನು ಕಾಡುವ ಮಾತು ಒಂದೇ. ಚೀನಾದ ಗಿರಣಿ ನಕಲು ಮಾಡಿದೆ ಎಂದು ಡಚ್ ಗಿರಣಿ ಬೊಬ್ಬೆ ಹಾಕಿತು. ಸರಿ, ಚಿತ್ರ ಅವರದು. ಆದರೆ ಜಾವಾದ ಬಾಟಿಕ್ಕನ್ನು ಅವರೇ ನಕಲು ಮಾಡಿದ್ದಲ್ಲವೇ? ಇನ್ನು 'ಸವತಿಯ ಕಣ್ಣು', 'ನೀನು ಹೊರಟರೆ ನಾನೂ ಹೊರಟೆ' ಎಂಬ ಹೆಸರುಗಳಿಲ್ಲದಿದ್ದರೆ ಆ ಬಟ್ಟೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಿದ್ದರು? ಹಾಲೆಂಡಿನವರು ಆ ಹೆಸರುಗಳನ್ನೂ ಕತೆಗಳನ್ನೂ ತಮ್ಮ ಪ್ರಚಾರಕ್ಕೆ ಬಳಸಿಕೊಂಡರು, ಚೀನಾದ ನಕಲೂ ಅದೇ ಹೆಸರಿನಲ್ಲಿ ಮಾರಾಟವಾಯಿತು. ಹೆಸರು ಕಟ್ಟಿದವಳಿಗೆ ಇಬ್ಬರಿಂದಲೂ ಕಾಸಿಲ್ಲ. ಮನೆಯೊಳಗೆ ನಾವು ಮಾಡುವ ಎಷ್ಟು ಕೆಲಸಕ್ಕೆ ಹೀಗೇ ಲೆಕ್ಕವಿಲ್ಲ ಹೇಳಿ.

ಹೊರಗಿನವರು ಅಚ್ಚುಹಾಕಿದ್ದನ್ನು ಆಫ್ರಿಕದ ಬಟ್ಟೆ ಅನ್ನಬಹುದೇ ಎಂಬ ಜಗಳ ಆ ದೇಶಗಳಲ್ಲೂ ಇದೆ. 1980ರ ದಶಕದಲ್ಲಿ ಬುರ್ಕಿನಾ ಫಾಸೊ ದೇಶದ ಅಧ್ಯಕ್ಷ ಥಾಮಸ್ ಸಂಕಾರಾ, ಸರ್ಕಾರಿ ನೌಕರರು ನಮ್ಮ ನೂಲಿನ ನಮ್ಮ ಕೈಮಗ್ಗದ ಬಟ್ಟೆಯನ್ನೇ ಉಡಬೇಕು ಎಂದ. ನಮ್ಮ ಖಾದಿಯ ಹಾಗೆ. ಘಾನಾದಲ್ಲಿ 2004ರಲ್ಲಿ ಶುಕ್ರವಾರ ಕಚೇರಿಗೆ ಕೋಟು ಬಿಟ್ಟು ಸ್ವದೇಶದ ಬಟ್ಟೆ ತೊಟ್ಟು ಬನ್ನಿ ಎಂದು ಸರ್ಕಾರ ಹೇಳಿತು, ಅಲ್ಲಿನ ಗಿರಣಿಗಳ ವ್ಯಾಕ್ಸ್ ಬಟ್ಟೆಗೂ ಅದರಿಂದ ಬೇಡಿಕೆ ಬಂತು. ಇಂಗ್ಲೆಂಡಿನಲ್ಲಿರುವ ನೈಜೀರಿಯಾ ಮೂಲದ ಕಲಾವಿದ ಯಿಂಕಾ ಶೋನಿಬಾರೆ ಲಂಡನ್ನಿನ ಬ್ರಿಕ್ಸ್‌ಟನ್ ಸಂತೆಯಲ್ಲಿ ಈ ಬಟ್ಟೆ ಕೊಂಡು ಹಳೆಯ ಕಾಲದ ಇಂಗ್ಲಿಷ್ ದೊರೆಸಾನಿಯರ ಉಡುಪು ಹೊಲಿಸಿ ಗೊಂಬೆಗಳಿಗೆ ತೊಡಿಸಿದ, ಯಾರದ್ದು ಯಾವುದು ಬಿಡಿಸಿ ನೋಡೋಣ ಅನ್ನುವಂತೆ. ನನ್ನ ಅಭಿಪ್ರಾಯ ಕೇಳಿದರೆ, ಮೆಣಸಿನಕಾಯಿ ಕೂಡ ಹಡಗಿನಲ್ಲಿ ಬಂದದ್ದೇ. ಅದಿಲ್ಲದೆ ನಮ್ಮ ಸಾರು ಯಾವುದು? ಕ್ಯಾಮರೂನ್ ದೇಶದಲ್ಲಿ ಮಾರ್ಚ್ 8ರ ಮಹಿಳಾ ದಿನಕ್ಕೆಂದೇ ಬೇರೆ ಪಾನ್ಯ ಅಚ್ಚಾಗುತ್ತದೆ. ಹೆಂಗಸರು ಒಂದೇ ಬಟ್ಟೆಯಲ್ಲಿ, ಒಬ್ಬೊಬ್ಬರು ಒಂದೊಂದು ಹೊಲಿಗೆಯಲ್ಲಿ ಮೆರವಣಿಗೆ ಹೊರಡುತ್ತಾರೆ. ಅದನ್ನು ಹೊರಗಿನ ಬಟ್ಟೆ ಅನ್ನಲು ನನಗೆ ನಾಲಿಗೆ ಬಾರದು.

ನಿಮ್ಮವರು ಯಾರಾದರೂ ಕೆಲಸದ ಮೇಲೆ ಆ ಕಡೆ ಇದ್ದು ಬಟ್ಟೆ ತರುತ್ತೇನೆಂದರೆ ಎರಡು ಮಾತು ಬರೆದು ಹಾಕಿ. ಒಂದು, ಬಟ್ಟೆಯನ್ನು ಮಗುಚಿ ನೋಡಬೇಕು. ನಿಜವಾದ ವ್ಯಾಕ್ಸಿನಲ್ಲಿ ರಾಳವನ್ನು ಎರಡೂ ಕಡೆ ಒತ್ತಿರುವುದರಿಂದ ಒಳಮಗ್ಗುಲೂ ಹೊರಮಗ್ಗುಲೂ ಒಂದೇ ಸಮ ಬಣ್ಣ. ಹಿಂಬದಿ ಮಂಕಾಗಿದ್ದರೆ ಅದು ಒಂದೇ ಕಡೆ ಅಚ್ಚುಹಾಕಿದ ಅಗ್ಗದ್ದು. ಅಂಚಿನಲ್ಲಿ ಗಿರಣಿಯ ಹೆಸರು ಇದೆ ಎಂದು ನಂಬಿಬಿಡಬಾರದು, ಅದನ್ನೂ ನಕಲು ಮಾಡುತ್ತಾರೆ. ಮನೆಗೆ ಬಂದ ಮೇಲೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಸೀರೆಯಾಗಿ ಉಡಲು ದಪ್ಪವಾಯಿತು. ಹೆಣ್ಣುಮಕ್ಕಳ ಲಂಗಕ್ಕೆ, ದಿಂಬಿನ ಚೀಲಕ್ಕೆ, ಕೌದಿಯ ಮೇಲ್ಬಟ್ಟೆಗೆ ಬಹಳ ಚೆನ್ನ.

ಇನ್ನೊಂದು ಮಾತು, ಮಾರುವವಳನ್ನು ಬಟ್ಟೆಯ ಹೆಸರು ಕೇಳಿಕೊಂಡೇ ಕೊಳ್ಳಲು ಹೇಳಿ. ಕಣ್ಣಿನ ಚಿತ್ರ ಚೆನ್ನಾಗಿದೆಯೆಂದು ಯಜಮಾನರು ತಿಳಿಯದೆ 'ಸವತಿಯ ಕಣ್ಣು' ತಂದು ನಿಮ್ಮ ಕೈಗಿಟ್ಟರೆ, ಮುಂದಿನದಕ್ಕೆ ಈ ಅಂಕಣ ಹೊಣೆಯಲ್ಲ.